ನಾನು ಬರೆಯದ ನನ್ನ ಪ್ರಬಂಧ

ಮೊದಲ ವಂದನೆ ದೇವರಿಗೆ, ಎರಡನೆಯದು ಅರಸರಿಗೆ. ಅಧ್ಯಕ್ಷ ಸ್ಥಾನದಲ್ಲಿರುವ ಕುಲಪತಿಗಳೇ, ನಮ್ಮ ಸಂಶೋಧನಾ ಪತ್ರಿಕೆಯ ಸಂಪಾದಕರೂ ನನ್ನ ಗೆಳೆಯರೂ ಆದ ಕಿಟಿಯೋನೆಯವರೇ, ಈ ಸೆಕೆಯಲ್ಲೂ ನಮ್ಮ ದ್ವೀಪದ ಪದ್ಧತಿಯಂತೆ ಸೊಂಟಕ್ಕೆ ಗೌರವದ ಚಾಪೆ ಬಿಗಿದುಕೊಂಡು ಬಂದು ಕುಳಿತಿರುವ ನುಕುಅಲೋಫಾದ ಸಭಿಕರೇ,

ಈಗಷ್ಟೇ ನನ್ನ ಶಿಷ್ಯೆ ಅಲಿಸಿ ಅಭಿನಂದನಾ ಪತ್ರ ಓದಿದಳು. ಎಷ್ಟು ಚೆಂದ ಓದಿದಳು! ‘ಇಂದು ಪ್ರೊಫೆಸರ್ ಆಗಿರುವ ಲೋಸಾಲಿನೆ ತೌಫಾ, ಕೇದಗೆ ಚಾಪೆಯ ಹೆಣಿಗೆಯನ್ನು ಕುರಿತ 2019ರ ಸುಪ್ರಸಿದ್ಧ ಪ್ರಬಂಧದ ಲೇಖಕಿ...’ ನೀವು ಚಪ್ಪಾಳೆ ಹೊಡೆದಿರಿ. ಆದರೆ ಸಭಿಕರೇ, ಆ ಪ್ರಬಂಧ ನಾನು ಬರೆದಿಲ್ಲ. ನಾನೇ ಏಕೆ, ಯಾರೂ ಬರೆದಿಲ್ಲ. ಅದು ಭೂಮಿಯ ಮೇಲೆ ಇಲ್ಲವೇ ಇಲ್ಲ!

ಅಲಿಸಿ, ತಲೆ ತಗ್ಗಿಸಬೇಡ ಮಗಳೇ. ಕೃತಕ ಬುದ್ಧಿಯ ಯಂತ್ರದ ಕೈಲಿ ಬರೆಸಿದೆಯಾ? ಬರೆಸು. ಬರೆಸಿದ್ದನ್ನು ಒಮ್ಮೆ ಪರೀಕ್ಷಿಸಿದ್ದರೆ ಆಗಿತ್ತು. ನಿನಗಿಂತ ದೊಡ್ಡ ದೊಡ್ಡವರೇ ಅದರಲ್ಲಿ ಜಾರಿಬಿದ್ದಿದ್ದಾರೆ.

ಈ ಇಲ್ಲದ ಪ್ರಬಂಧದ ಪರಿಚಯ ನನಗೆ ಆದದ್ದು ಎರಡು ವರ್ಷದ ಹಿಂದೆ. ಕಿಟಿಯೋನೆಯವರ ಪತ್ರಿಕೆಗೆ ಒಂದು ಲೇಖನ ಕಳಿಸಿದ್ದೆ. ಲೇಖಕರ ಹೆಸರು ಮರೆಮಾಚಿ ಪರಿಶೀಲಕರಿಗೆ ಕೊಡುವುದು ಅಲ್ಲಿಯ ಪದ್ಧತಿ. ಪರಿಶೀಲಕ ಮಹಾಶಯರು ಏನು ಬರೆದರು ಗೊತ್ತೇ? ‘ಈ ಲೇಖಕರು ತೌಫಾ ಅವರ 2019ರ ಮಹತ್ವದ ಪ್ರಬಂಧವನ್ನು ಓದಿಯೇ ಇಲ್ಲ. ತೌಫಾ ಅವರಿಂದ ಇವರು ಕಲಿಯಬೇಕಾದದ್ದು ಬಹಳ ಇದೆ. ತಿರಸ್ಕರಿಸಬಹುದು.’

ನನ್ನಿಂದ ನಾನು ಕಲಿಯಬೇಕಂತೆ! ನನ್ನ ಗಂಡ ಹೆನೆಲಿ ನಕ್ಕು ನಕ್ಕು ಕುರ್ಚಿಯಿಂದ ಜಾರಿದ. “ಅಂತೂ ನಿನಗಿಂತ ಜಾಣೆ ತೌಫಾ ಇನ್ನೊಬ್ಬಳು ಎಲ್ಲೋ ಇದ್ದಾಳೆ ಅಂತಾಯ್ತು. ಅವಳಿಗೆ ಅಡುಗೆ ಬರುತ್ತಾ, ವಿಚಾರಿಸೇ” ಅಂದ. ಅಲ್ಲೇ ಕುಳಿತು ಈಗಲೂ ನಗುತ್ತಿದ್ದಾನೆ, ನೋಡಿ.

ಕಿಟಿಯೋನೆಯವರು ವಿಚಾರಿಸಿದರು. ಆ ಪುಣ್ಯಾತ್ಮರು ಇನ್ನೂ ಅಚ್ಚಾಗದ ನನ್ನ ಲೇಖನವನ್ನು ಕೃತಕ ಬುದ್ಧಿಯ ಯಂತ್ರಕ್ಕೆ ಉಣಿಸಿ, ಅದು ಉಗುಳಿದ್ದನ್ನು ಹಾಗೇ ಸಹಿ ಹಾಕಿ ಕಳಿಸಿದ್ದರು. ಅಷ್ಟು ಹೊತ್ತಿಗೆ ಬೇರೆ ದೇಶದ ಕೆಲವು ವಿದ್ವಾಂಸರೂ ಅಂಥದೇ ಯಂತ್ರದ ಮಾತು ನಂಬಿ ಆ ಪ್ರಬಂಧವನ್ನು ಉಲ್ಲೇಖಿಸಿಬಿಟ್ಟಿದ್ದರು. ಯಾರೂ ಓದಿರಲಿಲ್ಲ. ಓದಲು ಇದ್ದರೆ ತಾನೇ! ನಾನು ಬೆವರು ಸುರಿಸಿ ಬರೆದ ಯಾವುದಕ್ಕೂ ಸಿಗದ ಕೀರ್ತಿ ಅದಕ್ಕೆ ಸಿಕ್ಕಿತ್ತು.

ಇದೇ ಹೊತ್ತಿಗೆ ಪ್ರೊಫೆಸರ್ ಹುದ್ದೆಯ ಆಯ್ಕೆ ನಡೆದಿತ್ತು. ನನ್ನ ಸಾಧನೆಗಳ ಸಾಲಿನಲ್ಲಿ ವಿಶ್ವವಿದ್ಯಾಲಯದ ಕಂಪ್ಯೂಟರು ಆ ಉಲ್ಲೇಖಗಳನ್ನು ಹೆಕ್ಕಿ ತಾನಾಗಿಯೇ ಆ ಪ್ರಬಂಧವನ್ನೂ ಸೇರಿಸಿತ್ತು. ಕಿಟಿಯೋನೆಯವರೇ, ಹೇಳಿಬಿಡಲೇ? ಇವರು ನನ್ನನ್ನು ಪಕ್ಕಕ್ಕೆ ಕರೆದು, “ಲೋಸಾ, ಆಯ್ಕೆ ಮುಗಿಯೋವರೆಗೆ ಬಾಯಿ ಮುಚ್ಕೊಂಡಿರು ಮಾರಾಯ್ತಿ. ಅದನ್ನ ತೆಗೆದ್ರೆ ನಿನ್ನ ಆ ವರ್ಷ ಪೂರ್ತಿ ಖಾಲಿ. ಹುದ್ದೆ ಕೈತಪ್ಪುತ್ತೆ” ಅಂದರು. ನನ್ನ ಒಳ್ಳೆಯದಕ್ಕೇ ಅಂದರು.

ಆ ವರ್ಷ ಖಾಲಿ, ನಿಜ. ಆ ವರ್ಷ ನಾನು ಹಾಪೈ ದ್ವೀಪದಲ್ಲಿ ಅಮ್ಮನ ಹಾಸಿಗೆಯ ಪಕ್ಕ ಇದ್ದೆ. ತೆಂಗಿನ ಹಾಲಲ್ಲಿ ಬೇಯಿಸಿದ ಕೆಸುವಿನ ಸೊಪ್ಪನ್ನು ಹಿಸುಕಿ ತಿನ್ನಿಸುತ್ತಿದ್ದೆ. ಅಮ್ಮ ಬೈಯುತ್ತಿದ್ದಳು: “ಓದಿದವಳು ಇಲ್ಲೇ ಬಿದ್ದಿದ್ದೀಯಲ್ಲೇ, ನಿನಗೆ ಬೇರೆ ಕೆಲಸ ಇಲ್ವಾ?” ನಾನು ಬಟ್ಟಲು ತೊಳೆಯಲು ಎದ್ದರೆ ಮಾತ್ರ ಸೆರಗು ಹಿಡಿದವಳ ಹಾಗೆ ನನ್ನ ಸೊಂಟದ ಚಾಪೆಯ ಅಂಚು ಹಿಡಿಯುತ್ತಿದ್ದಳು. “ಎಲ್ಲಿಗೆ? ಹೋಗಬೇಡ.” ಕ್ಷಮಿಸಿ, ಇದನ್ನು ಹೇಳಬೇಕೆಂದು ಬಂದಿರಲಿಲ್ಲ.

ಸಂದರ್ಶನದಲ್ಲಿ ನಾನೇ ಬಾಯಿಬಿಟ್ಟೆ. “ಆ ಪ್ರಬಂಧ ನನ್ನದಲ್ಲ, ತೆಗೆದುಹಾಕಿ” ಅಂದೆ. ಸಮಿತಿಯವರು ಮುಖ ಮುಖ ನೋಡಿಕೊಂಡರು. “ಹಾಗಾದ್ರೆ ಆ ವರ್ಷ ಏನೂ ಮಾಡಿಲ್ವಾ, ಡಾಕ್ಟರ್?” ಎಂದು ಒಬ್ಬರು ಕೇಳಿದರು. “ಅಮ್ಮನನ್ನ ನೋಡ್ಕೊಂಡೆ, ಸರ್. ಆ ಜಾಗ ಯಂತ್ರಕ್ಕೆ ಬಿಟ್ಟುಕೊಡಲ್ಲ” ಅಂದೆ. ಹುದ್ದೆ ಹೋಯಿತೆಂದೇ ಹೊರಬಂದೆ. ಹೋಗಲಿಲ್ಲ! ಖಾಲಿ ವರ್ಷದ ಸಮೇತ ನನ್ನನ್ನು ಆರಿಸಿದರು.

ಗೆದ್ದದ್ದು ನಾನೊಬ್ಬಳೇ ಅಲ್ಲ. ಬಾಯಿ ಮುಚ್ಚು ಅಂದ ಇದೇ ಕಿಟಿಯೋನೆಯವರು ಮುಂದೆ ನಿಂತು ನಿಯಮ ತಂದರು. ಪರಿಶೀಲಕರು ತಮ್ಮ ಕಣ್ಣಿಂದಲೇ ಓದಬೇಕು. ಪರರ ಅಪ್ರಕಟಿತ ಬರಹವನ್ನು ಯಂತ್ರಕ್ಕೆ ಕೊಡಕೂಡದು. ಲೇಖಕರು ತಾವು ತೆರೆದು ನೋಡದ ಆಕರವನ್ನು ಹೆಸರಿಸಕೂಡದು. ಯಂತ್ರದ ನೆರವು ಪಡೆದವರು ಅದನ್ನು ಹೇಳಿಯೇ ಅಚ್ಚು ಹಾಕಿಸಬೇಕು. ನಾನೂ ಪಡೆಯುತ್ತೇನೆ, ಇಂಗ್ಲಿಷ್ ನನ್ನ ಅಮ್ಮನ ಮಾತಲ್ಲ, ಅದು ತಿದ್ದಿಕೊಡುತ್ತದೆ, ಲೇಖನದ ಕೆಳಗೆ ಹಾಗೆಂದು ಬರೆಯುತ್ತೇನೆ. ಅದರಲ್ಲಿ ನಾಚಿಕೆ ಯಾಕೆ? ಇಲ್ಲದ ಆ ಪ್ರಬಂಧವನ್ನು ಉಲ್ಲೇಖಿಸಿದವರೂ ಒಬ್ಬೊಬ್ಬರಾಗಿ ತಿದ್ದುಪಡಿ ಪ್ರಕಟಿಸಿದ್ದಾರೆ.

ಉಳಿದಿರುವುದು ಒಂದೇ ಕಡೆ: ಚೌಕಟ್ಟು ಹಾಕಿಸಿ ಈಗ ನನ್ನ ಕೈಗಿತ್ತ ಈ ಅಭಿನಂದನಾ ಪತ್ರದಲ್ಲಿ. ಅಲಿಸಿ, ಇದನ್ನು ಬಿಚ್ಚಿಸಿ ಹೊಸದಾಗಿ ಬರೆಸು. ಏನು? ಆ ಜಾಗದಲ್ಲಿ ಏನು ಹಾಕಲಿ ಅಂತೀಯಾ? ಹೀಗೆ ಹಾಕು: ‘2019ರಲ್ಲಿ ಇವರು ಅಮ್ಮನ ಜೊತೆಗಿದ್ದರು.’ ಈ ಸಾಲಿಗೆ ಆಕರ ಯಾರಾದರೂ ಕೇಳಿದರೆ ನನ್ನ ಹತ್ತಿರ ಕಳಿಸು. ಅಮ್ಮ ಹಿಡಿಯುತ್ತಿದ್ದ ಅಂಚು ಸವೆದಿದೆ. ಅದೇ ಚಾಪೆ ಇವತ್ತು ನನ್ನ ಸೊಂಟದಲ್ಲಿದೆ.

ಇಷ್ಟು ಹೊತ್ತು ತಾಳಿಕೊಂಡು ಕೇಳಿದ ನಿಮಗೆಲ್ಲ ನನ್ನ ಧನ್ಯವಾದ. ನಮಸ್ಕಾರ.