ನಲವತ್ತೊಂದು ಕುರ್ಚಿ

ಅಯ್ಯೋ, ನಮ್ಮನೆಯಿಂದ ಊಟ ಕಳಿಸಿದ ಆ ಪಾತ್ರೆ ಅಲ್ಲಿಡು, ಡೆಲ್ಮಾರ್! ತೊಳೆದು ತಂದುಕೊಡೋಕೆ ಇವತ್ತೇ ಆಗ್ಬೇಕಿತ್ತಾ? ಹೆಂಡ್ತಿ ಮಾರ್ವಾನ ಮಣ್ಣು ಮಾಡಿ ಇನ್ನೂ ಮೂರು ದಿನ ಆಗಿಲ್ಲ... ಏನದು, ಒಳಗೊಂದು ಚೀಟಿ? ಇರ್ಲಿ, ಆಮೇಲೆ ಓದ್ತೀನಿ. ಮೊದ್ಲು ನನ್ನ ಮಾತು ಕೇಳು. ಹೊಟ್ಟೆ ಉರೀತಿದೆ ನಂಗೆ!

ಸೆನೆಟ್‌ನಲ್ಲಿ ಹೆರಿಗೆ ವಾರ್ಡು ಉಳಿಸೋ ನಿನ್ನ ಮಸೂದೆ ಬಿತ್ತಲ್ಲ, ಅದನ್ನ ಕೊಂದಿದ್ದು ಯಾರು ಗೊತ್ತಾ? ಅವನೇ! ಮೇಲೆ ಪೀಠದಲ್ಲಿ ಸುತ್ತಿಗೆ ಹಿಡ್ಕೊಂಡು ಕೂರ್ತಾನಲ್ಲ, ನಮ್ಮ ಲೆಫ್ಟಿನೆಂಟ್ ಗವರ್ನರ್! ಅತ್ಲಾಗೆ ಸೆನೆಟರೂ ಅಲ್ಲ, ಇತ್ಲಾಗೆ ಗವರ್ನರೂ ಅಲ್ಲ. ಎರಡು ಕಡೆ ಓಟು ಸಮ ಬಿದ್ದಾಗ ಮಾತ್ರ ಅವನಿಗೊಂದು ಓಟು. ಎರಡು ವರ್ಷಕ್ಕೊಮ್ಮೆ ಸಿಕ್ಕಿದ್ರೆ ಹೆಚ್ಚು. ಸಿಕ್ತು ನೋಡು! 'ಇಲ್ಲ' ಅಂದ, ಟಣ್ ಅಂತ ಸುತ್ತಿಗೆ ಕುಟ್ಟಿದ. ನಿಮ್ಮ ಕೌಂಟಿಯ ಹೆರಿಗೆ ವಾರ್ಡಿಗೆ ಬೀಗ! ಇನ್ಮೇಲೆ ನೋವು ಬಂದ ಹೆಣ್ಣುಮಕ್ಳು ತೊಂಬತ್ತು ಮೈಲಿ ಕಾರಲ್ಲಿ ಹೋಗ್ಬೇಕು. ಮಾರ್ವಾ ಮೂವತ್ತು ವರ್ಷ ನರ್ಸಾಗಿ ದುಡಿದ ವಾರ್ಡು ಕಣೋ! ಆ ದರಿದ್ರದವನಿಗೆ ನಾಚಿಕೆ ಬೇಡ್ವಾ?

ಯಾಕೆ ಹಾಗೆ ನೋಡ್ತೀಯ? ನಾನಾ?... ನನ್ನನ್ನ ಕೇಳ್ತೀಯಾ? ಇದೇ ಮೇಜಿನ ಮುಂದೆ ಕೈ ಕುಲುಕಿದ್ವಲ್ಲ! ನೀನಿದ್ರೆ 'ಹೌದು' ಅಂತಿದ್ದೆ, ನಾನು 'ಇಲ್ಲ' ಅಂತಿದ್ದೆ. ನೀನು ಮಾರ್ವಾ ಹಾಸಿಗೆ ಪಕ್ಕ ಇರೋವರೆಗೂ ನಾನೂ ಓಟು ಹಾಕಲ್ಲ. ನಿಂದಕ್ಕೆ ನಂದು ವಜಾ. ಇದಕ್ಕೇ ಜೋಡಿ ಅನ್ನೋದು! ನಮ್ಮಪ್ಪ ಸೆನೆಟರಾಗಿದ್ದ ಕಾಲದಿಂದ್ಲೂ ಇಲ್ಲಿ ನಡ್ಕೊಂಡು ಬಂದಿದೆ. ಕಾಗದ ಇಲ್ಲ, ಸಹಿ ಇಲ್ಲ, ಬರೀ ಮಾತು. ಅದನ್ನ ಮುರಿಯೋನು ಮನುಷ್ಯನಾ?

ಬಾಗಿಲಲ್ಲೇನಿದೆ?... ಓ, ಆ ಫಲಕಾನಾ. ನಿನ್ನೆ ಹಾಕಿದ್ರು. 'ವಿಂಟನ್ ರಡಿಕ್, ಅಧ್ಯಕ್ಷ, ಹೆದ್ದಾರಿ ಸಮಿತಿ'. ಹದಿನೆಂಟು ವರ್ಷ ಕಾದಿದ್ದೀನಪ್ಪ! ನಮ್ಮ ಪಕ್ಷದ ನಾಯಕ ಕರೆದು ಕೊಟ್ಟ, ತಗೊಂಡೆ. ಅದಕ್ಕೂ ಇದಕ್ಕೂ ಏನು ಸಂಬಂಧ? ತಲೆ ಅಲ್ಲಾಡಿಸ್ಬೇಡ! ಸಿಟ್ಟು ಬಂದಿರೋದು ನಂಗೆ!

ಸರಿಯಾಗಿ ಹೇಳ್ತೀನಿ ಕೇಳು. ಗುಮಾಸ್ತೆ ಒಬ್ಬೊಬ್ಬರ ಹೆಸರೂ ಕರೆದ್ಲು. ಯಾರೂ ತಪ್ಪಿಸ್ಕೊಂಡಿರ್ಲಿಲ್ಲ, ನಿನ್ನ ಕುರ್ಚಿ ಒಂದೇ ಖಾಲಿ. ಇಪ್ಪತ್ತು 'ಹೌದು'. ಇಪ್ಪತ್ತು 'ಇಲ್ಲ'. ಸಮ ಸಮ! ಆಗ ತಾನೇ ಅವನು ಬಾಯಿ ಹಾಕಿದ್ದು! ಹೋಗಿ ಅವನ ಕುತ್ತಿಗೆ ಪಟ್ಟಿ ಹಿಡಿ, ನಾನೂ ಬರ್ತೀನಿ ಜೊತೆಗೆ. ಬಾ, ಈಗ್ಲೇ...

ಏಳೋ! ಕೂತ್ಕೊಂಡು ಬೆರಳು ಏನು ಎಣಿಸ್ತೀಯ?

ಹೌದು, ನಲವತ್ತೊಂದು ಕುರ್ಚಿ. ನಿಂದು ಖಾಲಿ... ನಲವತ್ತು. ನಾನು ಬಾಯಿ ಮುಚ್ಕೊಂಡು ಕೂತಿದ್ದೆ, ಅಂದ್ರೆ...

ಮೂವತ್ತೊಂಬತ್ತು.

ಮೂವತ್ತೊಂಬತ್ತು ಜನದಲ್ಲಿ ಸಮ ಹೇಗೆ ಬಂತು ಅಂತ ತಾನೇ? ಕೇಳು! ಬಾಯಿ ಬಿಟ್ಟು ಕೇಳೋ!

...ಇಪ್ಪತ್ತಕ್ಕೆ ಹತ್ತೊಂಬತ್ತು. ನಾನು ಬಾಯಿ ಬಿಡದಿದ್ರೆ ನಿನ್ನ ಮಸೂದೆ ಗೆಲ್ತಿತ್ತು. ಸಾಕಾ? 'ರಡಿಕ್' ಅಂತ ಕರೆದ್ಲು. ನಾಯಕ ತಿರುಗಿ ನನ್ನನ್ನೇ ನೋಡ್ತಿದ್ದ. ಹದಿನೆಂಟು ವರ್ಷ, ಡೆಲ್ಮಾರ್! ನೀನಾಗಿದ್ರೆ ಏನು ಮಾಡ್ತಿದ್ದೆ? ...ಗೊತ್ತು. ನೀನು ಬಾಯಿ ಮುಚ್ಕೊಂಡೇ ಇರ್ತಿದ್ದೆ. ಹಾಳಾದೋನೆ, ನೀನು ಇದ್ದೇ ಇರ್ತಿದ್ದೆ!

ಆ ಚೀಟಿ ಯಾಕೆ ಮುಂದಕ್ಕೆ ತಳ್ತೀಯ? ಕೊಡು, ಓದ್ತೀನಿ... ಇದು ನಿನ್ನ ಅಕ್ಷರ ಅಲ್ವಲ್ಲ. ಮಾರ್ವಾ... ಮಾರ್ವಾ ಬರೆದಿದ್ದಾ? 'ವಿಂಟನ್, ನಿಮ್ಮನೆ ಕೋಳಿ ಊಟ ಒಂದು ತುತ್ತು ತಿಂದೆ, ಚೆನ್ನಾಗಿತ್ತು. ನಿನ್ನ ಮಾತು ನಂಬ್ಕೊಂಡು ಡೆಲ್ಮಾರ್ ನನ್ನ ಕೈ ಹಿಡ್ಕೊಂಡು ಕೂತಿದ್ದಾನೆ. ನನ್ನ ವಾರ್ಡು ಉಳಿದ ದಿನ...'

ಎಲ್ಲಿಗೆ ಹೊರಟೆ? ಡೆಲ್ಮಾರ್! ನಿಲ್ಲೋ! ಬಾಗಿಲು ಹಾಕ್ಬೇಡ! ಬೈಯೋ... ಒಂದು ಮಾತಾದ್ರೂ ಬೈದು ಹೋಗೋ!