ತಾತನ ತೋಳಿನ ಅಳತೆ

ಅಶ್ವಿನಿ ಬಟ್ಟೆ ಒಣಹಾಕುವುದನ್ನು ಅರ್ಧಕ್ಕೇ ನಿಲ್ಲಿಸಿದಳು. ಮನೆಯೆದುರಿನ ಬೇವಿನ ಕಟ್ಟೆಯಲ್ಲಿ ಆದೋನಿಗೆ ಹೋಗುವ ಆಟೋಗೆ ಕಾಯುತ್ತಿದ್ದ ಭೀಮಲಿಂಗಪ್ಪ ಮತ್ತು ಅವರ ಮಗಳು ಹಾರಿಕಾ, ಬಟ್ಟೆ ಸುತ್ತಿದ ಬಂದೂಕನ್ನು ನಡುವೆ ಇಟ್ಟುಕೊಂಡು ವಾದಕ್ಕಿಳಿದಿದ್ದರು. ಪಕ್ಕದಲ್ಲಿದ್ದ ಐದು ವರ್ಷದ ಗಂಗೋತ್ರಿ ಏನೋ ಕೇಳಲು ಬಾಯಿ ತೆರೆದಳು. ಅಶ್ವಿನಿ ಮಗಳ ತುಟಿಯ ಮೇಲೆ ಮೆಲ್ಲಗೆ ಬೆರಳಿಟ್ಟಳು.

“ನಾಡಿದ್ದು ಶೂಟಿಂಗ್ ಟೀಮಿನ ಸೆಲೆಕ್ಷನ್ ಐತಪ್ಪಾ. ಇಪ್ಪತ್ತೈದು ಮಣ್ಣಿನ ಬಿಲ್ಲೆ ಹಾರಿಸಿದ್ರ ನಾಕು ಹೊಡದೀನಿ.”

“ಗುರಿ ಸರಿ ಇಡವ್ವಾ.”

“ಬಂದೂಕಿನ ಹಿಂದಿನ ಕಟ್ಟಿಗಿ ನನಗ ಎರಡಿಂಚು ಉದ್ದ ಐತಿ. ಭುಜಕ್ಕ ಒತ್ತಿದ್ರ ಗಲ್ಲ ಅದರ ಮ್ಯಾಲ ಕೂಡಂಗೇ ಇಲ್ಲ. ಆದೋನ್ಯಾಗ ಕೊಯ್ಸೋಣು.”

“ಮಾರ್ನಾಮಿಗೆ ಆಯುಧಪೂಜಿ ಮಾಡೋ ಬಂದೂಕಿಗೆ ಗರಗಸ ಹಚ್ತಾರೇನು? ತೀರಿಹೋದ ನಮ್ಮಪ್ಪ ತನ್ನ ತೋಳಿನ ಅಳತಿ ಕೊಟ್ಟು ಮಾಡಿಸಿದ್ದು.”

“ತಾತ ಆರಡಿ ಇದ್ದ. ಇನ್ನೊಂದು, ನಂದು ಎಡಗಣ್ಣು ಜೋರಂತ. ಎಡಭುಜಕ್ಕ ಹಿಡಿ ಅಂದಾರ ಕೋಚ್ ಸರ್.”

“ಎಡಕ್ಕ? ನಮ್ಮ ವಂಶದಾಗ ಯಾರೂ ಹಿಡದಿಲ್ಲ.”

“ನೀನೂ ನೋಡಪ್ಪಾ, ಎರಡೂ ಕಣ್ಣು ತೆರೆದು ಆ ಕರೆಂಟ್ ಕಂಬಕ್ಕ ಬೆರಳು ಗುರಿ ಹಿಡಿ. ಈಗ ಎಡಗಣ್ಣು ಮುಚ್ಚು.”

ಭೀಮಲಿಂಗಪ್ಪ ಮುಚ್ಚಿದರು.

“ಬೆರಳು ಕಂಬ ಬಿಟ್ಟು ಬಾಜೂ ಟೀ ಅಂಗಡಿಗೆ ಹೋತು.”

“ನಿಂದೂ ಎಡಗಣ್ಣೇ ಅಪ್ಪಾ. ಅದಕ್ಕ ನೀ ಬಲಭುಜಕ್ಕ ಹಿಡಿದು ಹೊಡದಾಗೆಲ್ಲ ಗುರಿ ತಪ್ಪಿ ಹಂದಿ ನಿಂತು ನೋಡ್ತಿದ್ವು.”

ಭೀಮಲಿಂಗಪ್ಪ ಬೆರಳು ಮಡಚಿ ಬಂದೂಕನ್ನು ತಮ್ಮತ್ತ ಎಳೆದುಕೊಂಡರು.

“ಎಡಕ್ಕ ಬೇಕಾದ್ರ ಹಿಡಿ. ಕಟ್ಟಿಗಿ ಮಾತ್ರ ಮುಟ್ಟಂಗಿಲ್ಲ.”

ಆಟೋ ಬಂತು. ಹಾರಿಕಾ ಹತ್ತಿದಳು. ಭೀಮಲಿಂಗಪ್ಪ ಬಂದೂಕನ್ನು ಎದೆಗವಚಿಕೊಂಡು ಒಂದು ಕಾಲು ಒಳಗಿಟ್ಟಾಗ, ಗಂಗೋತ್ರಿ ಅಮ್ಮನ ಬೆರಳು ಸರಿಸಿ ಗಟ್ಟಿಯಾಗಿ ಕೇಳಿಯೇಬಿಟ್ಟಳು:

“ಮಾಮಾ, ನಾಡಿದ್ದು ಬಂದೂಕು ಹೊಡಿಯೋದು ತಾತನೋ, ಅಕ್ಕನೋ?”