ಬೇಲಿ ದಾಟುವ ಪಾಠ

ಮೊಂಟಾನಾದ ಟೈರ್ ಅಂಗಡಿಯಲ್ಲಿ ಸರದಿ ಕಾಯುತ್ತಿದ್ದ ನಡೀನ್‌ಳ ಎದುರಿಗೆ ಇಬ್ಬರು ಮುದುಕರು ಕೂತಿದ್ದರು. ಹಾರ್ಲನ್‌ನ ತೊಡೆಯ ಮೇಲಿದ್ದ ಬಂದೂಕು ಸಂಘದ ಪತ್ರಿಕೆಯನ್ನು ವರ್ಲಿನ್ ಊರುಗೋಲಿನಿಂದ ತಿವಿದ.

"ಇದನ್ನ ಓದೇ ತಾನೆ ಮೊನ್ನೆ ನನಗೆ ಕೋವಿ ಗುರಿ ಇಟ್ಟಿದ್ದು? ಮೀನು ಕೊಡೋಕೆ ಬಂದವನಿಗೆ!"

"ಯಾರೋ ಕಳ್ಳ ಅಂದ್ಕೊಂಡೆ ಮಾರಾಯ. ಮನೆ ಬಾಗಿಲಲ್ಲಿ ಹಿಂದೆ ಸರೀಬೇಕಿಲ್ಲ, ಹೊಡೆದ್ರೂ ಕಾನೂನು ನಮ್ಮ ಕಡೆ ಅಂತ ಇದ್ರಲ್ಲಿ ಬರೆದಿದ್ರು."

"ನಾನು ಸತ್ತಮೇಲೆ ಕಾನೂನು ಯಾರ ಕಡೆ ಇದ್ರೇನೋ? ನಾವು ಹುಡುಗರಾಗಿದ್ದಾಗ ಇದೇ ಸಂಘ ಕೋವಿ ಪಾಠ ಹೇಳೋಕೆ ಓರ್ಫಾ ಟೀಚರ್‌ನ ಕಳಿಸ್ತಿತ್ತು. ನೆನಪಿದ್ಯಾ?"

"ಮರೀತೀನಾ? ಬೇಲಿ ಹತ್ತೋ ಮುಂಚೆ ಗುಂಡು ತೆಗಿ, ಕೋವಿ ಜೊತೆಗಾರನ ಕೈಗೆ ಕೊಡು, ಅವನು ತುದಿ ನೆಲಕ್ಕೆ ಹಿಡಿದಿರ್ಲಿ, ಆಮೇಲೆ ದಾಟು. ಇಡೀ ದಿನ ಅದೊಂದೇ ಪಾಠ."

"ಯಾವಾಗ ಹೊಡೀಬಾರದು ಅಂತ ಕಲಿಸ್ತಿದ್ರು ಕಣೋ. ಈಗ ಹೊಡೆದ ಮೇಲೆ ಹೇಗೆ ಬಚಾವಾಗೋದು ಅಂತ ಕಲಿಸ್ತಾರೆ."

ಹಾರ್ಲನ್ ಪತ್ರಿಕೆ ಮಡಚಿದ. "ಪಾಠ ಮುಗಿದ್ಮೇಲೆ ಬಿಸಿ ಕೋಕೋ ಕೊಡ್ತಿದ್ರು."

ಅವರ ಗಾಡಿ ಸಿದ್ಧವಾಗಿತ್ತು. ಹೊರಗೆ ಮೆಟ್ಟಿಲ ಮೇಲೆ ಹಿಮ ಗಟ್ಟಿಯಾಗಿತ್ತು. ವರ್ಲಿನ್ ಊರುಗೋಲನ್ನು ಹಾರ್ಲನ್‌ನ ಕೈಗೆ ಕೊಟ್ಟು, ಎರಡೂ ಕೈಯಲ್ಲಿ ಕಂಬಿ ಹಿಡಿದು ಇಳಿದ. ಅವನು ಕೆಳಗೆ ತಲುಪುವವರೆಗೂ ಹಾರ್ಲನ್ ಊರುಗೋಲಿನ ತುದಿಯನ್ನು ಅವನತ್ತ ತಿರುಗಿಸದೆ, ನೆಲದತ್ತ ಹಿಡಿದು ನಿಂತಿದ್ದನ್ನು ನಡೀನ್ ಕಿಟಕಿಯಿಂದ ನೋಡಿದಳು.